ಮುಂಡಗೋಡದ ‘ಅಮಾ’, ಶಿರಸಿಯ ‘ಅಮ್ಮ’, ಕೊರಿಯಾದ ‘ಒಮ್ಮಾ’: ಬೇರು ಒಂದೇನಾ?

ಕರಿಇಶಾಡ
ಮುಂಡಗೋಡದ ಟಿಬೆಟಿಯನ್ ಕಾಲನಿಯಲ್ಲಿ ತಾಯಿಗೆ ‘ಅಮಾ’ ಅಂತಾರೆ. ಶಿರಸಿ ಪೇಟೆಯಲ್ಲಿ ‘ಅಮ್ಮ’, ಭಟ್ಕಳದ ಉರ್ದುವಿನಲ್ಲಿ ‘ಅಮ್ಮಿ’. ಇದು ನಮ್ಮ ಒಂದೇ ಜಿಲ್ಲೆಯ ಮಾತು. ಜಿಲ್ಲೆ ದಾಟಿದರೆ ಅರಬ್ಬಿ ‘ಉಮ್ಮ್’, ಹೀಬ್ರೂ ‘ಇಮಾ’, ಸ್ಪೇನಿನ ಉತ್ತರ ತುದಿಯ ಬಾಸ್ಕ್ ‘ಅಮಾ’, ಕೊರಿಯನ್ ‘ಒಮ್ಮಾ’. ಅಪ್ಪನ ಕಡೆ ನೋಡಿ: ಕೊರಿಯನ್ ‘ಅಪ್ಪಾ’, ಅರಾಮಿಕ್ ‘ಅಬ್ಬಾ’. ಹೆಚ್ಚಿನವು ಒಂದಕ್ಕೊಂದು ಸಂಬಂಧವೇ ಇಲ್ಲ ಅಂತ ಪಂಡಿತರು ಹೇಳುವ ಭಾಷೆಗಳು. ಇಷ್ಟೊಂದು ಹೊಂದಿಕೆ ಬರೀ ಕಾಕತಾಳೀಯ ಅಂದರೆ ಒಪ್ಪೋದು ಹೇಗೆ? ದ್ರಾವಿಡದಿಂದ ಹರಡಿತಾ, ಅಥವಾ ಎಲ್ಲಕ್ಕೂ ಹಿಂದೆ ಒಂದೇ ಆದಿಭಾಷೆ ಇತ್ತಾ?

ಬೈತಖೋಲ್ ಬಂದರು
ಕೊರಿಯನ್ ಸೀರಿಯಲ್ ನೋಡುವವರೆಲ್ಲ ಒಂದಲ್ಲ ಒಂದು ದಿನ ಇದನ್ನ ಕೇಳ್ತಾರೆ. ‘ಅಪ್ಪಾ’ ಅಂತ ಕೂಗಿದ ಕೂಡಲೇ ಸಬ್‌ಟೈಟಲ್ ಬೇಡ.

ಸೋಂದಾ ಕೆರೆ
ಒಂದೇ ಬೇರೂ ಅಲ್ಲ, ಪೂರ್ತಿ ಕಾಕತಾಳೀಯವೂ ಅಲ್ಲ. ಇದಕ್ಕೆ ಮೂರನೇ ದಾರಿ ಇದೆ: ಶಿಶುವಿನ ಬಾಯಿ.

ಆರರಿಂದ ಹತ್ತು ತಿಂಗಳ ಮಗು ‘ಬಬಬ’, ‘ಮಮಮ’, ‘ದದದ’ ಅಂತ ತೊದಲುತ್ತೆ. ಯಾವ ಭಾಷೆಯ ಮನೆಯಾದರೂ ಅಷ್ಟೆ. ತುಟಿ ಮುಚ್ಚಿ ತೆರೆಯೋದು, ಕೆಳದವಡೆ ಮೇಲೆ ಕೆಳಗೆ ಆಡೋದು, ಇವೆರಡೇ ಸಾಕು. ನಾಲಿಗೆಯನ್ನ ಬೇರೆಯಾಗಿ ಪಳಗಿಸಬೇಕಾಗಿಲ್ಲ. ದವಡೆ ಇಳಿದಾಗ ತಾನಾಗಿ ಬರುವ ಸ್ವರ ‘ಅ’. ಹಾಗಾಗಿ ಮೊದಲು ಸಿಗೋದು ಪ, ಬ, ಮ, ಸ್ವಲ್ಪ ತ, ದ, ನ, ಜೊತೆಗೆ ಅ. ನಿಮ್ಮ ಪಟ್ಟಿಯಲ್ಲಿರುವ ಶಬ್ದಗಳ ವ್ಯಂಜನಗಳೆಲ್ಲ ಈ ಸಣ್ಣ ಡಬ್ಬಿಯೊಳಗಿನವೇ.

ಭಾಷಾಶಾಸ್ತ್ರಜ್ಞ ರೋಮನ್ ಯಾಕಬ್ಸನ್ 1959ರಲ್ಲಿ ಮಂಡಿಸಿ 1960ರಲ್ಲಿ ಅಚ್ಚಾದ ಪ್ರಬಂಧದಲ್ಲಿ ಇದನ್ನ ಬಿಡಿಸಿಟ್ಟಿದ್ದಾರೆ. ಮೊಲೆ ಬಾಯಲ್ಲಿರುವಾಗ ತುಟಿ ಮುಚ್ಚಿರುತ್ತೆ, ಉಸಿರಿಗೆ ದಾರಿ ಮೂಗೊಂದೇ. ಆಗ ಹೊರಡಬಹುದಾದ ಸದ್ದು ‘ಮ್ಮ್ಮ್’. ಆಮೇಲೆ ಹಾಲು ಕಂಡಾಗಲೂ ಅದೇ ಸದ್ದು, ಹಸಿವಾದಾಗಲೂ ಅದೇ, ಕೊನೆಗೆ ಹಾಲು ಕೊಡುವವಳನ್ನ ಕರೆಯೋಕೂ ಅದೇ. ಮಗು ಹೆಸರಿಟ್ಟಿದ್ದಲ್ಲ, ದೊಡ್ಡವರು ‘ನನ್ನನ್ನೇ ಕರೀತು’ ಅಂತ ಅರ್ಥ ಹಚ್ಚಿದ್ದು.

ಅಘನಾಶಿನಿ ದಡ
ಹೌದು. ‘ಮಮ್ಮು’ ನೆನಪು ಮಾಡಿಕೊಳ್ಳಿ. ನಮ್ಮಲ್ಲಿ ಮಗುವಿಗೆ ಊಟ ಅಂದರೆ ಮಮ್ಮು. ಜಪಾನಿನಲ್ಲೂ ಮಗುವಿನ ಊಟಕ್ಕೆ ‘ಮಮ್ಮಾ’. ಲ್ಯಾಟಿನ್ನಿನಲ್ಲಿ ‘ಮಮ್ಮಾ’ ಅಂದರೆ ಮೊಲೆ. ಊಟ, ಮೊಲೆ, ತಾಯಿ, ಮೂರೂ ಒಂದೇ ‘ಮ್’ನ ಸುತ್ತ ಇವೆ.

ಕರಿಇಶಾಡ
ಲೆಕ್ಕ ಇದೆಯಾ, ಅಥವಾ ಇದೂ ಚೆಂದದ ಕಲ್ಪನೆಯಾ?

ಸೋಂದಾ ಕೆರೆ
ಇದೆ. ಮಾನವಶಾಸ್ತ್ರಜ್ಞ ಜಾರ್ಜ್ ಮರ್ಡಾಕ್ ಜಗತ್ತಿನ ಭಾಷೆಗಳಿಂದ ತಂದೆ-ತಾಯಿ ಶಬ್ದಗಳನ್ನ ಕಲೆಹಾಕಿದ್ದರು: ಒಟ್ಟು 1072, ತಾಯಿಗೆ 531, ತಂದೆಗೆ 541. ತಾಯಿಯ ಶಬ್ದಗಳಲ್ಲಿ ಸುಮಾರು 55% ಮ, ನ ಥರದ ಅನುನಾಸಿಕದವು. ತಂದೆಯ ಶಬ್ದಗಳಲ್ಲಿ ಅದು 15% ಮಾತ್ರ. ಯಾಕಬ್ಸನ್ ಕೈಯಲ್ಲಿದ್ದದ್ದು ಇದೇ ಲೆಕ್ಕ.

ಕರಿಇಶಾಡ
55 ಅಂದರೆ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ ಅಷ್ಟೆ. ಬಾಯಿಯೇ ಕಾರಣ ಆಗಿದ್ದರೆ ಎಲ್ಲ ಭಾಷೆಯಲ್ಲೂ ‘ಮ’ ತಾಯಿಯೇ ಆಗಬೇಕಿತ್ತು. ಉಳಿದ 45ರ ಕಥೆ ಏನು?

ಶರಾವತಿ ಆಚೆ
ಉಳಿದ 45ಕ್ಕೆ ದೂರದ ದೇಶಕ್ಕೆ ಹೋಗೋದು ಬೇಡ, ಶಿರೂರು ದಾಟಿ ಇನ್ನೂ ಒಂದಷ್ಟು ದಕ್ಷಿಣಕ್ಕೆ ಹೋಗಿ. ತುಳುವಿನಲ್ಲಿ ಅಪ್ಪೆ ಅಂದರೆ ತಾಯಿ, ಅಮ್ಮೆ ಅಂದರೆ ತಂದೆ. ಗೌರವಕ್ಕೆ ‘ಅಮ್ಮೆರ್’. ಕನ್ನಡದ ಪಕ್ಕದಲ್ಲೇ ಇರುವ, ಅದೇ ದ್ರಾವಿಡ ಕುಟುಂಬದ ಭಾಷೆ. ಸಾಮಾನು ಅದೇ, ಹಂಚಿಕೆ ಮಾತ್ರ ತಿರುಗಾಮುರುಗಾ.

ಬೈತಖೋಲ್ ಬಂದರು
ಅಂದರೆ ತುಳುನಾಡಿನ ಮನೆಯಲ್ಲಿ ‘ಅಮ್ಮೆ’ ಅಂತ ಕೂಗಿದರೆ ಅಪ್ಪ ಬರ್ತಾರೆ. ಭಾರಿ ಆಯ್ತು ಮಾರಾಯ್ರೆ.

ಸೋಂದಾ ಕೆರೆ
ಜಾರ್ಜಿಯನ್ನಿನಲ್ಲಿ ‘ಮಾಮಾ’ ತಂದೆ, ‘ದೆದಾ’ ತಾಯಿ. ಫಿಲಿಪ್ಪೀನ್ಸಿನ ತಗಾಲೊಗ್‌ನಲ್ಲಿ ‘ಅಮಾ’ ತಂದೆ, ‘ಇನಾ’ ತಾಯಿ. ಆಸ್ಟ್ರೇಲಿಯಾದ ಪಿಟ್ಜಂಜಾರದಲ್ಲಿ ‘ಮಾಮಾ’ ತಂದೆ. ಬಾಯಿ ಕೊಡೋದು ಸದ್ದನ್ನ. ಯಾವ ಸದ್ದು ಯಾರಿಗೆ ಅಂತ ಹಂಚೋದು ಆ ಊರಿನ ರೂಢಿ. ತೊಟ್ಟಿಲ ಹತ್ತಿರ ಮೊದಲು ಯಾರು ಬಗ್ಗಿದರು, ಯಾವ ಸದ್ದಿಗೆ ಮನೆಯವರು ಹಿಗ್ಗಿದರು ಅನ್ನೋದರ ಮೇಲೆ ಹೋಗುತ್ತೆ. ಹಾಲಿನ ಕಾರಣಕ್ಕೆ ‘ಮ’ ತಾಯಿಯ ಕಡೆ ವಾಲೋದು ಜಾಸ್ತಿ, ಅದಕ್ಕೇ 55. ಕಾನೂನು ಅಲ್ಲ, ವಾಲುವಿಕೆ.

ಬನವಾಸಿ ಕಲ್ಲು
ತುಳು ಯಾಕೆ, ಹಳಗನ್ನಡದಲ್ಲೇ ‘ಅಮ್ಮ’ಕ್ಕೆ ತಂದೆ ಅನ್ನುವ ಅರ್ಥ ಇದೆ. ‘ಅಮ್ಮನ ಗಂಧವಾರಣ’ ಎಂಬ ಬಿರುದಿನ ಅಮ್ಮ ತಾಯಿಯಲ್ಲ, ತಂದೆ. ವೆಂಗಿಯ ಚಾಲುಕ್ಯರಲ್ಲಿ 10ನೇ ಶತಮಾನದ ಇಬ್ಬರು ರಾಜರ ಹೆಸರೇ ಅಮ್ಮ. ಒಂದನೇ ಅಮ್ಮ, ಎರಡನೇ ಅಮ್ಮ. ತಾಯಿಗೆ ಆಗ ಓಡಾಡುತ್ತಿದ್ದ ಶಬ್ದ ‘ಅಬ್ಬೆ’. ಅತ್ತಿಮಬ್ಬೆಯ ಕೊನೆಯಲ್ಲಿರೋದು ಅದೇ. ದಕ್ಷಿಣ ಕನ್ನಡ, ಕಾಸರಗೋಡಿನ ಹವ್ಯಕರು ಇವತ್ತಿಗೂ ತಾಯಿಗೆ ‘ಅಬ್ಬೆ’ ಅಂತಾರೆ. ಹಾಗಾಗಿ ಇವತ್ತಿನ ‘ಅಮ್ಮ’ ಹಿಡಕೊಂಡು ಹತ್ತು ಸಾವಿರ ವರ್ಷ ಹಿಂದೆ ಹೋಗ್ತೀನಿ ಅಂದರೆ, ಒಂದು ಸಾವಿರ ವರ್ಷಕ್ಕೇ ಅರ್ಥ ಪಲ್ಟಿ ಹೊಡೆದಿರುತ್ತೆ.

ಅಘನಾಶಿನಿ ದಡ
ಅಮ್ಮ-ಅಬ್ಬೆ ಎಷ್ಟು ಹತ್ತಿರ ಅಂತ ಪರೀಕ್ಷೆ ಮಾಡೋಕೆ ಮೂಗು ಗಟ್ಟಿಯಾಗಿ ಹಿಡಿದು ‘ಅಮ್ಮ’ ಅನ್ನಿ. ‘ಅಬ್ಬ’ ಅಂತ ಕೇಳುತ್ತೆ. ಮ ಮತ್ತು ಬ ಎರಡಕ್ಕೂ ತುಟಿ ಒಂದೇ ಥರ, ಗಂಟಲ ಕಂಪನ ಒಂದೇ ಥರ. ವ್ಯತ್ಯಾಸ ಕಿರುನಾಲಿಗೆ ಇರುವ ಮೆತ್ತನೆ ಅಂಗುಳದ್ದು. ಅದು ಕೆಳಗಿಳಿದರೆ ಗಾಳಿ ಮೂಗಿಗೆ ಹೋಗಿ ಮ, ಮೇಲೆದ್ದು ದಾರಿ ಮುಚ್ಚಿದರೆ ಬ. ಗಂಟಲ ಕಂಪನವನ್ನೂ ನಿಲ್ಲಿಸಿದರೆ ಪ. ಅಮ್ಮ, ಅಬ್ಬ, ಅಪ್ಪ ಮೂರಕ್ಕೂ ನಡುವೆ ಇರೋದು ಇಷ್ಟೇ. ನೆಗಡಿಯಾದವರು ಆಡುವ ಮಾತು ಕೇಳಿದರೂ ಗೊತ್ತಾಗುತ್ತೆ.

ತೊಡದೇವು
ಹಾಗಾದರೆ ನಮ್ಮ ಅಪ್ಪೆಮಿಡಿಯ ಅಪ್ಪೆಯೂ ತುಳುವಿನ ತಾಯಿಯೇ? ಮಾವಿನಕಾಯಿಗಳ ತಾಯಿ ಅಂತ!

ಬನವಾಸಿ ಕಲ್ಲು
ಇದೇ ನೋಡಿ ಜಾರುವ ಜಾಗ. ಎರಡು ಅಕ್ಷರದ ಶಬ್ದ ಸಿಕ್ಕರೆ ಯಾವುದಕ್ಕೆ ಬೇಕಾದರೂ ಗಂಟು ಹಾಕಬಹುದು. ಅಪ್ಪೆ ಅನ್ನೋದು ಆ ಕಾಯಿಯ ಹೆಸರು, ಅದರ ಹುಳಿಗೆ ಅಪ್ಪೆಹುಳಿ. ತಾಯಿ ಆಗಬೇಕಾದರೆ ನಡುವಿನ ಕೊಂಡಿ ತೋರಿಸಬೇಕು: ಹಳೆಯ ಬಳಕೆ, ಬೇರೆ ಹಣ್ಣಿಗೂ ಅದೇ ರೀತಿ ಹೆಸರಿಟ್ಟ ಉದಾಹರಣೆ. ಬರೀ ಸದ್ದು ಸಾಲದು.

ತೊಡದೇವು
ಕೊಂಡಿ ಸಿಗೋ ತನಕ ಅಪ್ಪೆಹುಳಿ ಕುಡಿಯೋಣ. ಕಾಯಿ ಬೇಯಿಸಿ, ಕಿವುಚಿ, ಸಿಪ್ಪೆ-ಗೊರಟು ತೆಗೆದು, ಒಂದು ಕಾಯಿಗೆ ನಾಲ್ಕು ಲೋಟ ನೀರು, ಉಪ್ಪು, ಮೇಲೆ ತೆಂಗಿನೆಣ್ಣೆಯಲ್ಲಿ ಸಾಸಿವೆ, ಒಣಮೆಣಸು, ಇಂಗಿನ ಒಗ್ಗರಣೆ. ಬೆಲ್ಲ ಹಾಕುವವರ ಜೊತೆ ಜಗಳ ಬೇರೆ ದಿನ.

ಯಾಣದ ದಾರಿ
ಬೆಲ್ಲ ಚೂರು ಬೇಕೇ ಬೇಕು. ಮತ್ತೆ ಮಿಡಿಯನ್ನ ತೊಟ್ಟು ಸಮೇತ ಕೊಯ್ಯಬೇಕು ಹೇಳಿ, ಸೊನೆ ಹೋದರೆ ಪರಿಮಳವೂ ಹೋಯ್ತು.

ಮುಂಡಗೋಡ ಮಾರ್ಗ
ವಿಷಯಕ್ಕೆ ಬನ್ನಿ ಮಾರಾಯ್ರೆ. ಟಿಬೆಟಿಯನ್ ಬಗ್ಗೆ ಯಾರೂ ಹೇಳಿಲ್ಲ. ಇಲ್ಲಿ 1966ರಿಂದ ಕಾಲನಿ ಇದೆ, ಕೇಳಿ ತಿಳಿಯೋಕೆ ಲ್ಹಾಸಾಕ್ಕೆ ಹೋಗಬೇಕಾಗಿಲ್ಲ. ‘ಅಮಾಲಾ’, ‘ಪಾಲಾ’ ಅಂತ ಕರೆಯೋದು. ಆ ‘ಲಾ’ ನಮ್ಮ ‘ರೀ’ ಇದ್ದ ಹಾಗೆ, ಗೌರವಕ್ಕೆ. ಅದನ್ನ ತೆಗೆದರೆ ಅಮಾ, ಪಾ. ಇನ್ನೂ ಒಳಗೆ ಹೋದರೆ ‘ಅಮಾ’ದ ‘ಅ’ ಕೂಡ ಬೇರೆ ತುಂಡು. ಸಂಬಂಧದ ಹೆಸರುಗಳ ಮುಂದೆ ಅದು ಅಂಟಿಕೊಳ್ಳುತ್ತೆ: ಅಕು ಅಂದರೆ ಚಿಕ್ಕಪ್ಪ-ದೊಡ್ಡಪ್ಪ, ಅನಿ ಅಂದರೆ ಸೋದರತ್ತೆ. ತಂದೆತಾಯಿ ಸೇರಿಸಿ ಹೇಳುವಾಗ ‘ಫಾಮಾ’; ಅಲ್ಲಿ ಅ ಉದುರಿತು. ಅಂದರೆ ಬೇರು ‘ಮಾ’ ಮಾತ್ರ.

ಕನ್ನಡದಲ್ಲಿ ಹಾಗೆ ಬಿಡಿಸೋಕೆ ಬರೋದಿಲ್ಲ. ಅಮ್ಮದ ಅ ಬೇರಿನ ಭಾಗ, ಮಕಾರ ಒತ್ತು. ಹೊರಗಿಂದ ಅಮಾ-ಅಮ್ಮ ಅವಳಿ ಥರ ಕಂಡರೂ ಒಳಗಿನ ಜೋಡಣೆ ಬೇರೆ. ಅರಬ್ಬಿಯ ‘ಉಮ್ಮ್’ನದು ಮತ್ತೊಂದು, ಅದರ ನೆಂಟ ಭಾಷೆಯಾದ, ನಾಲ್ಕು ಸಾವಿರ ವರ್ಷದ ಹಿಂದಿನ ಅಕ್ಕಾಡಿಯನ್ನಿನಲ್ಲೂ ಅದು ‘ಉಮ್ಮು’. ಮೂರೂ ತಮ್ಮ ತಮ್ಮ ಮನೆಯಲ್ಲಿ ಹುಟ್ಟಿ ಬೆಳೆದವು.

ಕರಿಇಶಾಡ
ಆದರೂ ಸಂಸ್ಕೃತದ ‘ಅಂಬಾ’? ಅದಕ್ಕೂ ಅಮ್ಮನಿಗೂ ಸಂಬಂಧ ಇಲ್ಲ ಅಂತೀರಾ?

ಸ್ವರ್ಣವಲ್ಲೀ ರಸ್ತೆ
ಅಂಬಾ ಹಳೆಯದು. ಪಾಣಿನಿಯ ಸೂತ್ರವೇ ಇದೆ: ‘ಅಂಬಾರ್ಥನದ್ಯೋರ್ಹ್ರಸ್ವಃ’ (7.3.107). ತಾಯಿ ಎಂಬ ಅರ್ಥದ ಶಬ್ದಗಳ ಕೊನೆಯ ದೀರ್ಘ ಸಂಬೋಧನೆಯಲ್ಲಿ ಹ್ರಸ್ವ ಆಗುತ್ತೆ. ಸಾಮಾನ್ಯವಾಗಿ ‘ಆ’ಕಾರಾಂತಕ್ಕೆ ‘ಹೇ ರಮೇ’, ‘ಹೇ ಲತೇ’. ತಾಯಿಗೆ ಮಾತ್ರ ‘ಹೇ ಅಂಬ’. ವ್ಯಾಖ್ಯಾನಕಾರರು ಜೊತೆಗೆ ಕೊಡುವ ಉದಾಹರಣೆಗಳು ‘ಹೇ ಅಕ್ಕ’, ‘ಹೇ ಅಲ್ಲ’. ಅಂದರೆ ಅಂಬಾ, ಅಕ್ಕಾ, ಅಲ್ಲಾ ಮೂರೂ ತಾಯಿಗೆ. ಕೂಗುವ ಶಬ್ದಗಳಿಗೆ ವ್ಯಾಕರಣವೇ ದಾರಿ ಬಿಟ್ಟುಕೊಟ್ಟಿದೆ.

ಬನವಾಸಿ ಕಲ್ಲು
ಒಳ್ಳೆ ಉದಾಹರಣೆ. ಅದರಲ್ಲಿ ‘ಅಕ್ಕಾ’ ದ್ರಾವಿಡದಿಂದ ಸಂಸ್ಕೃತಕ್ಕೆ ಹೋದದ್ದು ಅಂತ 19ನೇ ಶತಮಾನದ ದ್ರಾವಿಡ ವ್ಯಾಕರಣಕಾರ ಕಾಲ್ಡ್‌ವೆಲ್ ಕಾಲದಿಂದ ವಾದ ಇದೆ. ನಮ್ಮಲ್ಲಿ ಅಕ್ಕ ಹಿರಿಯ ಸೋದರಿ, ಅಲ್ಲಿ ತಾಯಿ. ‘ಅತ್ತಾ’ ಕೂಡ ಹಾಗೆ. ಆದರೆ ‘ಅತ್ತ’ ಹಿಡಕೊಂಡು ಓಡೋಕೆ ಶುರು ಮಾಡಿದರೆ ಹಿಟ್ಟೈಟ್ ‘ಅತ್ತಾ’ ತಂದೆ, ಗಾಥಿಕ್ ‘ಅತ್ತಾ’ ತಂದೆ, ಟರ್ಕಿಯ ‘ಅತಾ’ ತಂದೆ, ಬಾಸ್ಕ್ ‘ಐತಾ’ ತಂದೆ, ಕನ್ನಡದ ಅತ್ತೆ ಮಾತ್ರ ಹೆಂಗಸು. ಎಲ್ಲಿ ನಿಲ್ಲಿಸ್ತೀರಿ?

ಸೋಂದಾ ಕೆರೆ
ನಿಲ್ಲಿಸುವ ಜಾಗ ಲೆಕ್ಕದಿಂದ ಸಿಗುತ್ತೆ. ಒಂದು ಭಾಷೆಯಲ್ಲಿ 15 ವ್ಯಂಜನ, 5 ಸ್ವರ ಅಂತ ಇಟ್ಟುಕೊಳ್ಳಿ. ‘ಮಾ’, ‘ನೀ’ ಥರದ ಒಂದಕ್ಷರದ ಶಬ್ದ ಒಟ್ಟು 75 ಬಗೆ. ಎರಡು ಭಾಷೆಯ ಇಂಥ 100 ಶಬ್ದಗಳನ್ನ ಅರ್ಥದಿಂದ ಅರ್ಥಕ್ಕೆ ಜೋಡಿಸಿದರೆ, ಸಂಬಂಧ ಏನೂ ಇಲ್ಲದಿದ್ದರೂ 100ನ್ನ 75ರಿಂದ ಭಾಗಿಸಿದಷ್ಟು, ಅಂದರೆ ಒಂದಕ್ಕಿಂತ ಸ್ವಲ್ಪ ಜಾಸ್ತಿ ತಾನಾಗಿ ಹೊಂದುತ್ತೆ.

ಈಗ ಹಗ್ಗ ಸಡಿಲ ಬಿಡಿ. ಪ-ಬ-ಮ ಒಂದೇ, ತ-ದ-ನ ಒಂದೇ ಅಂದರೆ ವ್ಯಂಜನ 5 ಗುಂಪಿಗೆ ಇಳೀತು. ಇ-ಎ ಒಂದೇ, ಉ-ಒ ಒಂದೇ ಅಂದರೆ ಸ್ವರ 3. ಉಳಿದದ್ದು 15 ಬಗೆ. ಹೊಂದುವವು ಆರೇಳು ಆದವು. ಅರ್ಥದಲ್ಲೂ ತಾಯಿ-ಅಜ್ಜಿ-ಹೆಂಗಸು ಯಾವುದಾದರೂ ಸೈ ಅಂದರೆ ಇಪ್ಪತ್ತು. ಜಗತ್ತಿನ ಭಾಷೆಗಳಲ್ಲಿ ಬೇಕಾದ್ದನ್ನ ಆರಿಸಿಕೊಳ್ಳುವ ಸ್ವಾತಂತ್ರ್ಯವೂ ಇದ್ದರೆ ಪಟ್ಟಿಗೆ ಕೊನೆಯೇ ಇಲ್ಲ. ಅದೇ ಎರಡಕ್ಷರದ ಶಬ್ದ, ಹಗ್ಗ ಬಿಗಿ ಅಂದರೆ 75×75, ಅಂದರೆ 5625 ಬಗೆ. ಆಗ 100 ಶಬ್ದದಲ್ಲಿ ಒಂದೂ ಹೊಂದೋದಿಲ್ಲ ಅನ್ನೋದೇ ನಿರೀಕ್ಷೆ. ಶಬ್ದ ಗಿಡ್ಡ ಆದಷ್ಟೂ ಸಾಕ್ಷಿ ಬಡವಾಗುತ್ತೆ.

ಕೂರ್ಮಗಡ
ಅದೇ ಲೆಕ್ಕದಲ್ಲಿ ಚೀನಿ ‘ನೀ’, ಕನ್ನಡ ‘ನೀ’. ಎರಡಕ್ಕೂ ‘ನೀನು’ ಅಂತ ಅರ್ಥ. ಪರ್ಷಿಯನ್ ‘ಬದ್’, ಇಂಗ್ಲಿಷ್ ‘ಬ್ಯಾಡ್’, ಎರಡೂ ಕೆಟ್ಟದ್ದು. ಆಸ್ಟ್ರೇಲಿಯಾದ ಮ್ಬಬರಂ ಭಾಷೆಯಲ್ಲಿ ನಾಯಿಗೆ ‘ಡೋಗ್’, ಅದು ಇಂಗ್ಲಿಷಿನಿಂದ ಬಂದದ್ದೂ ಅಲ್ಲ. ಭಾಷಾಶಾಸ್ತ್ರದ ತರಗತಿಗಳಲ್ಲಿ ಈ ನಾಯಿಯನ್ನ ಸಾಕಷ್ಟು ಸಲ ಓಡಿಸಿದ್ದಾರೆ.

ಗುಡ್ಡೆಅಂಗಡಿ
ಹಾಗಾದರೆ ‘ಒಂದು’ ಮತ್ತು ‘ವನ್’? ತಮಿಳರ ಆಡುಮಾತಿನ ‘ಒಣ್ಣು’ ಅಂತೂ ಇನ್ನೂ ಹತ್ತಿರ. ವಾಟ್ಸಾಪಿನಲ್ಲಿ ವರ್ಷಕ್ಕೆ ನಾಲ್ಕು ಸಲ ಬರುತ್ತೆ.

ಬನವಾಸಿ ಕಲ್ಲು
ವಾಟ್ಸಾಪ್ ಹಳೆಯ ರೂಪ ನೋಡೋದಿಲ್ಲ. ಇಂಗ್ಲಿಷಿನ ‘ವನ್’ ಹಿಂದೆ ‘ಆನ್’ ಆಗಿತ್ತು, ಅದಕ್ಕೂ ಹಿಂದೆ ‘ಒಯ್ನೊ’ ಥರದ್ದು. ಆ ‘ವ’ ಮುಂದೆ ಸೇರಿಕೊಂಡದ್ದು ಮಧ್ಯಯುಗದ ಕೊನೆಯಲ್ಲಿ. ‘ಅಲೋನ್’, ‘ಓನ್ಲಿ’ ಎರಡರಲ್ಲೂ ‘ವ’ ಇಲ್ಲ, ಗಮನಿಸಿ. ಅವು ಹಳೆಯ ಉಚ್ಚಾರ ಉಳಿಸಿಕೊಂಡಿವೆ. ಈ ಕಡೆ ಕನ್ನಡದ ಒಂದು, ತಮಿಳಿನ ಒನ್ಱು, ಇವುಗಳ ಮೂಲದಲ್ಲಿ ನಕಾರದ ನಂತರ ಒಂದು ಗಟ್ಟಿ ವ್ಯಂಜನ ಇತ್ತು. ಹಿಂದೆ ಹೋದ ಹಾಗೆ ಎರಡೂ ಒಂದಕ್ಕೊಂದು ದೂರ ಸರಿಯುತ್ತವೆ. ನಿಜವಾದ ನೆಂಟರಾದರೆ ಹಿಂದೆ ಹೋದ ಹಾಗೆ ಹತ್ತಿರ ಆಗಬೇಕು.

ಅಘನಾಶಿನಿ ದಡ
ಗಿಡ್ಡ ಶಬ್ದಗಳಿಂದ ಏನೂ ಸಾಬೀತಾಗೋದಿಲ್ಲ ಅನ್ನೋದೂ ಅತಿಯಾಯ್ತು. ಕನ್ನಡದ ‘ಬಾ’, ತಮಿಳಿನ ‘ವಾ’ ನೋಡಿ. ಒಂದೇ ಅಕ್ಷರ, ಸದ್ದೂ ಒಂದೇ ಅಲ್ಲ. ಆದರೂ ನೆಂಟಸ್ತಿಕೆ ಗಟ್ಟಿ. ಯಾಕೆಂದರೆ ಬಾಯಿ-ವಾಯ್, ಬೇರು-ವೇರ್, ಬಿಲ್ಲು-ವಿಲ್, ಎಲ್ಲ ಕಡೆ ತಮಿಳಿನ ವ ಇದ್ದಲ್ಲಿ ಕನ್ನಡದ ಬ. ಒಂದು ನಿಯಮ ಸಾಲುಸಾಲಾಗಿ ಕೆಲಸ ಮಾಡುತ್ತೆ. ಹಾಲು-ಪಾಲ್, ಹುಲಿ-ಪುಲಿ, ಹತ್ತು-ಪತ್ತು, ಅದು ಇನ್ನೊಂದು ಸಾಲು. ಕಿವಿ-ಚೆವಿ, ಕೇರಿ-ಚೇರಿ, ಮತ್ತೊಂದು.

ಅದಕ್ಕೇ ಅನುಭವಿಗಳು ಮೊದಲು ಮಾಡುವ ಕೆಲಸ: ಅಪ್ಪ-ಅಮ್ಮ, ತಾತ, ಕಾಕಾ, ಕೂಕೂ, ಮಿಯಾಂವ್ ಥರದ ಶಿಶುಮಾತು ಮತ್ತು ಸದ್ದಿನ ಅನುಕರಣೆಗಳನ್ನ ಪಟ್ಟಿಯಿಂದ ಕಿತ್ತುಹಾಕೋದು. ಎರಡನೆಯದು, ವ್ಯಾಪಾರ-ಧರ್ಮದ ಜೊತೆ ಬಂದ ಎರವಲು ಬದಿಗೆ. ಉಳಿದದ್ದರಲ್ಲಿ ಪ್ರತಿಯೊಂದರ ಅತಿ ಹಳೆಯ ರೂಪ ಹುಡುಕಿ, ಒಂದೊಂದು ಅಕ್ಷರದ ಬದಲಾವಣೆಗೂ ಕನಿಷ್ಠ ನಾಲ್ಕೈದು ಜೊತೆಗಾರರು ಇದ್ದಾರಾ ನೋಡೋದು. ಈ ಕ್ರಮ ತಲೆಕೆಳಗು ಮಾಡಿ ಅಪ್ಪ-ಅಮ್ಮನಿಂದ ಶುರು ಮಾಡಿದರೆ ಯಾವ ಭಾಷೆಗೆ ಯಾವ ಭಾಷೆಯನ್ನೂ ಮದುವೆ ಮಾಡಿಸಬಹುದು.

ಬೈತಖೋಲ್ ಬಂದರು
ಪ ಎಲ್ಲ ಹ ಆಯ್ತು ಅಂದರೆ ‘ಅಪ್ಪ’ ಯಾಕೆ ‘ಅಹ್ಹ’ ಆಗಲಿಲ್ಲ?

ಅಘನಾಶಿನಿ ದಡ
ಒತ್ತಕ್ಷರದ ಪ್ಪ ಮುಟ್ಟಲಿಲ್ಲ. ಉಪ್ಪು, ತುಪ್ಪ, ಕಪ್ಪು, ತಪ್ಪು ಎಲ್ಲ ಹಾಗೇ ಉಳಿದವು. ಪದದ ಮೊದಲಿನ ಒಂಟಿ ಪ ಮಾತ್ರ ಹ ಆದದ್ದು.

ಇದಕ್ಕೆ ಜಪಾನಿನಲ್ಲಿ ಸೊಗಸಾದ ಜೊತೆ ಇದೆ. ಅಲ್ಲಿ ತಾಯಿಗೆ ‘ಹಹಾ’. ಮ ಇಲ್ಲ, ಪ ಇಲ್ಲ. ಯಾಕಬ್ಸನ್ ಸಿದ್ಧಾಂತಕ್ಕೆ ಸಿಗದ ಶಬ್ದ ಅನ್ನಿಸುತ್ತೆ. ಆದರೆ ಅಲ್ಲೂ ಪ ಹೋಗಿ ಹ ಆಗಿದೆ, ನಡುವೆ ತುಟಿಗಳ ನಡುವೆ ಊದುವ ‘ಫ’. ಅಂದರೆ ಹಹಾ ಹಿಂದೆ ‘ಫಫಾ’, ಇನ್ನೂ ಹಿಂದೆ ‘ಪಪಾ’. 16ನೇ ಶತಮಾನದ ಒಂದು ಜಪಾನಿ ಒಗಟು ಹೀಗಿದೆ: ತಾಯಿಗಾದರೆ ಎರಡು ಸಲ ಸೇರುತ್ತವೆ, ತಂದೆಗಾದರೆ ಒಂದು ಸಲವೂ ಇಲ್ಲ. ಉತ್ತರ: ತುಟಿ. ತಂದೆಗೆ ‘ಚಿಚಿ’, ಅಲ್ಲಿ ತುಟಿ ಸೇರೋದಿಲ್ಲ. ಇವತ್ತಿನ ‘ಹಹಾ’ ಹೇಳಿದರೂ ಸೇರೋದಿಲ್ಲ. ಆಗ ‘ಫಫಾ’ ಅಂತಿದ್ದರು ಅನ್ನೋಕೆ ಈ ಒಗಟೇ ಸಾಕ್ಷಿ.

ಕೂರ್ಮಗಡ
ಒಗಟು ಅಂದರೆ ಅದು! ಒಂದು ಸಾಲಿನಲ್ಲಿ ಧ್ವನಿ ಇತಿಹಾಸ.

ಕರಿಇಶಾಡ
ಸರಿ, ಕೊರಿಯಾ ಬಗ್ಗೆ ನನ್ನ ಪಟ್ಟು ಬಿಡೋದಿಲ್ಲ. ‘ಒಮ್ಮಾ-ಅಪ್ಪಾ’ ಎರಡೂ ಸರಿಯಾಗಿ ಹೊಂದುತ್ತೆ, ಅರ್ಥವೂ ಅದಲುಬದಲಾಗಿಲ್ಲ. ಜೊತೆಗೆ ಭಾರತದಿಂದ ಅಲ್ಲಿಗೆ ಹೋದ ರಾಣಿಯ ಕಥೆ ಇದೆ.

ಸೋಂದಾ ಕೆರೆ
ರಾಣಿ ಹ್ಯೂ ಹ್ವಾಂಗ್-ಓಕ್ ಬಂದದ್ದು ಕ್ರಿ.ಶ. 48ರಲ್ಲಿ ಅಂತ ಹೇಳುವ ಪುಸ್ತಕ 13ನೇ ಶತಮಾನದ್ದು. ನಡುವೆ 1200 ವರ್ಷ. ಅದರಲ್ಲಿರುವ ಊರ ಹೆಸರು ‘ಅಯುತಾ’. ಕೆಲವರು ಅದನ್ನ ಅಯೋಧ್ಯೆ ಅಂತಾರೆ, ಹಾಗಾದರೆ ಆ ರಾಣಿ ದ್ರಾವಿಡ ‘ಅಪ್ಪ’ನನ್ನ ಒಯ್ದದ್ದು ಹೇಗೆ?

ಕೊರಿಯನ್-ದ್ರಾವಿಡ ಜೋಡಣೆ ಹೊಸದಲ್ಲ. ಹೋಮರ್ ಹಲ್ಬರ್ಟ್ ಎಂಬ ಮಿಷನರಿ 1905ರಲ್ಲಿ ಸಿಯೋಲ್‌ನಿಂದ ಇದರ ಮೇಲೆ ತೌಲನಿಕ ವ್ಯಾಕರಣವನ್ನೇ ಪ್ರಕಟಿಸಿದ್ದರು. ಬಾ-ವಾ ಥರದ ನಿಯಮದ ಸಾಲು ಮಾತ್ರ ಅದರಿಂದ ಹೊರಡಲಿಲ್ಲ. ಮತ್ತೆ ಕೊರಿಯನ್ನಿನ ‘ಅಪ್ಪಾ’ ಮಕ್ಕಳ ಮಾತು. ದೊಡ್ಡವರದು ‘ಅಬೊಜಿ’, ಬೇರು ‘ಅಬಿ’. ತಾಯಿಗೆ ‘ಒಮೊನಿ’, ಬೇರು ‘ಒಮಿ’. ಕೊನೆಗಿರೋದು ಇ. ಹಳೆಯ ರೂಪ ಹುಡುಕಿದ ಕೂಡಲೇ ಅವಳಿಗಳ ಮುಖ ಬೇರೆ ಆಗುತ್ತೆ.

ಹುಲೇಕಲ್ ತಿರುವು
ಎಲ್ಲರೂ ಅಮ್ಮನ ಹಿಂದೆ ಬಿದ್ದಿದ್ದೀರಿ, ನಮ್ಮ ಘಟ್ಟದ ಮೇಲಿನ ಹವ್ಯಕರ ‘ಆಯಿ’ ಕೇಳುವವರೇ ಇಲ್ಲ. ಮರಾಠಿಯಲ್ಲೂ ಆಯಿ. ಅದು ಮರಾಠಿಯಿಂದ ಬಂತು ಅಂತ ಸುಲಭಕ್ಕೆ ಹೇಳಿಬಿಡ್ತಾರೆ.

ಬನವಾಸಿ ಕಲ್ಲು
ಸುಲಭಕ್ಕೆ ಹೇಳುವ ಹಾಗಿಲ್ಲ. ‘ಆಯ್’ ದ್ರಾವಿಡದಲ್ಲಿ ತಾಯಿಗೆ ಹಳೆಯ ಶಬ್ದ. ‘ತಾಯಿ’ ಬಿಡಿಸಿ ನೋಡಿ: ತ + ಆಯ್. ಸಂಗಂ ತಮಿಳಿನಲ್ಲಿ ‘ಯಾಯ್’ ಅಂದರೆ ನನ್ನ ತಾಯಿ, ‘ಞಾಯ್’ ನಿನ್ನ ತಾಯಿ, ‘ತಾಯ್’ ಅವನ ಅಥವಾ ಅವಳ ತಾಯಿ. ತಂದೆಗೂ ಹಾಗೆ: ‘ಎಂದೈ’ ನನ್ನ ತಂದೆ, ‘ನುಂದೈ’ ನಿನ್ನ ತಂದೆ, ‘ತಂದೈ’ ಅವರ ತಂದೆ. ಕಾಲ ಕಳೆದು ನನ್ನ-ನಿನ್ನ ರೂಪಗಳು ಬಿದ್ದುಹೋದವು, ‘ಅವರ’ ರೂಪ ಮಾತ್ರ ಎಲ್ಲರದ್ದೂ ಆಯಿತು. ಹಾಗಾಗಿ ಕನ್ನಡದಲ್ಲಿ ‘ನನ್ನ ತಾಯಿ’ ಅನ್ನೋದು, ಬೇರಿನ ಲೆಕ್ಕದಲ್ಲಿ, ‘ನನ್ನ ಅವರಮ್ಮ’!

ಅಮ್ಮ-ಅಪ್ಪ ಬಿಟ್ಟು ತಾಯಿ-ತಂದೆ ಹಿಡಿದರೆ ನಿಜವಾದ ಇತಿಹಾಸ ಸಿಗೋದು ಇದಕ್ಕೆ. ಅವಕ್ಕೆ ಒಳಗೆ ಕೀಲುಗಳಿವೆ, ಬಿಚ್ಚಿ ನೋಡಬಹುದು. ಸಂಸ್ಕೃತದ ಮಾತೃ-ಪಿತೃ ಕೂಡ ಹಾಗೆ: ತೊದಲ್ನುಡಿಯ ‘ಮಾ’ಕ್ಕೆ ಭ್ರಾತೃ, ದುಹಿತೃಗಳಲ್ಲಿರುವ ಅದೇ ‘ತೃ’ ಬಾಲ ಅಂಟಿಸಿದ್ದಾರೆ. ಮದರ್-ಫಾದರ್-ಬ್ರದರ್‌ನಲ್ಲಿ ಉಳಿದದ್ದೂ ಆ ಬಾಲವೇ.

ಸ್ವರ್ಣವಲ್ಲೀ ರಸ್ತೆ
ತಾಯಿಯೊಳಗೆ ಆಯಿ ಇದೆ ಅನ್ನೋದು ಸರಿ. ಆದರೆ ಹಂಚಿಕೆ ನೋಡಿ. ಹವ್ಯಕದಲ್ಲಿ ದಕ್ಷಿಣದವರು ಅಬ್ಬೆ, ಮರಾಠಿ-ಕೊಂಕಣಿ ಬದಿಗೆ ಹತ್ತಿರ ಇರುವ ಉತ್ತರದವರು ಆಯಿ. ಒಂದೇ ಉಪಭಾಷೆ, ನೆರೆ ಬೇರೆ. ಮೂಲದ್ದೇ ಉಳಿದಿದ್ದರೆ ದಕ್ಷಿಣದಲ್ಲೂ ಒಂದಷ್ಟು ಕಾಣಬೇಕಿತ್ತು. ನೆರೆಯ ಪ್ರಭಾವದ ಕಡೆಗೇ ನನ್ನ ಮತ.

ಬನವಾಸಿ ಕಲ್ಲು
ಮರಾಠಿಯ ಆಯಿಯೇ ದ್ರಾವಿಡದಿಂದ ಹೋದದ್ದು ಅನ್ನುವ ವಾದವೂ ಇದೆಯಲ್ಲ. ಕೊಟ್ಟವರು ಯಾರು, ಮರಳಿ ಪಡೆದವರು ಯಾರು?

ಸ್ವರ್ಣವಲ್ಲೀ ರಸ್ತೆ
ಪಡೆದದ್ದು ಅಂತಾದರೂ ಒಪ್ಪಿದಿರಿ.

ಸದಾಶಿವಗಡ ಕೋಟೆ
ಕಾರವಾರದ ಕಡೆಯಿಂದ ಒಂದು. ಕೊಂಕಣಿಯ ‘ಮಾಂಯ್’ ಪೋರ್ಚುಗೀಸರ ‘ಮಾಯ್ಂ’ನಿಂದ ಬಂದದ್ದು. ಎರಡರಲ್ಲೂ ಮೂಗಿನ ಸ್ವರ ಇದೆ, ಗೋವಾ ಹತ್ತಿರ ಇದೆ, ಇನ್ನೇನು ಬೇಕು?

ಕಾಳಿ ಸೇತುವೆ
ಇನ್ನೂ ಬೇಕು. ಹಿಂದೂ ಕೊಂಕಣಿಗರ ಮನೆಯಲ್ಲಿ ‘ಮಾಂಯಿ’ ಅಂದರೆ ಅತ್ತೆ, ಗಂಡನ ಅಥವಾ ಹೆಂಡತಿಯ ತಾಯಿ. ಅದರ ಜೊತೆಗಾರ ‘ಮಾಂವು’, ಮಾವ. ಆ ಮೂಗಿನ ಸ್ವರ ಪೋರ್ಚುಗೀಸರ ಹಡಗಿನಲ್ಲಿ ಬಂದದ್ದಲ್ಲ. ಸ್ವರಗಳ ನಡುವಿನ ಮ ಕೊಂಕಣಿಯಲ್ಲಿ ಅನುನಾಸಿಕ ವ ಆಗುತ್ತೆ: ಗ್ರಾಮ ಹೋಗಿ ಗಾಂವ, ನಾಮ ಹೋಗಿ ನಾಂವ. ಮಾಮ ಹೋಗಿ ಮಾಂವ. ಮೇಲೆ ಹೇಳಿದ ಸಾಲುಸಾಲು ನಿಯಮ ಅಂದರೆ ಇದೇ. ಕ್ರಿಶ್ಚಿಯನ್ ಮನೆಗಳ ತಾಯಿ ಅರ್ಥದ ಬಳಕೆಗೆ ಪೋರ್ಚುಗೀಸಿನ ಒತ್ತಾಸೆ ಇರಬಹುದು, ಗೋವಾದಲ್ಲಿ ತಂದೆಗೆ ‘ಪಾಯ್’ ಅನ್ನೋದು ನೇರ ಅಲ್ಲಿಂದಲೇ. ಆದರೆ ಮಾಂವು ಇರುವ ಮನೆಯಲ್ಲಿ ಮಾಂಯಿಗೆ ಲಿಸ್ಬನ್ ತನಕ ಹೋಗಬೇಕಾಗಿಲ್ಲ. ಕೊಂಕಣಿಯ ಸ್ವಂತ ಜೋಡಿ ‘ಆವಯ್-ಬಾಪಯ್’ ಇದ್ದೇ ಇದೆ.

ಸದಾಶಿವಗಡ ಕೋಟೆ
ಮೇಜು, ಜನೇಲ, ಬಟಾಟೆ, ಇಗರ್ಜಿ, ಪಾವ್ ಎಲ್ಲ ಅವರದ್ದೇ ಅಲ್ಲವಾ? ಇಷ್ಟು ಕೊಟ್ಟವರು ತಾಯಿಗೊಂದು ಶಬ್ದ ಕೊಡಲಿಲ್ಲವಾ?

ಕಾಳಿ ಸೇತುವೆ
ಆ ಐದೂ ವಸ್ತುಗಳು. ಸಾಮಾನಿನ ಜೊತೆ ಹೆಸರು ಇಳಿಯಿತು. ತಾಯಿ ಮೊದಲೇ ಮನೆಯಲ್ಲಿದ್ದಳು.

ಸೋಂದಾ ಕೆರೆ
ಮನೆಯಲ್ಲಿದ್ದರೂ ಶಬ್ದ ಹೊರಗಿನಿಂದ ಬರಬಹುದು. ಫಿನ್ನಿಷ್ ಭಾಷೆಯಲ್ಲಿ ತಾಯಿಗೆ ‘ಐತಿ’. ಅದು ಜರ್ಮಾನಿಕ್ ಎರವಲು, ಗಾಥಿಕ್‌ನಲ್ಲಿ ‘ಐಥೇಯ್’. ಅವರದ್ದೇ ಹಳೆಯ ಶಬ್ದ ‘ಎಮೊ’, ಈಗ ಹೆಚ್ಚಾಗಿ ಪ್ರಾಣಿಗಳ ತಾಯಿಗೆ. ಅಷ್ಟು ದೂರ ಯಾಕೆ, ಶಿರಸಿಯ ಎಷ್ಟು ಮನೆಯಲ್ಲಿ ಈಗ ‘ಮಮ್ಮಿ-ಪಪ್ಪಾ’ ಅಂತ ಎಣಿಸಿ.

ಬೈತಖೋಲ್ ಬಂದರು
ಪಾವ್ ಅಂದ ಕೂಡಲೇ ನೆನಪಾಯ್ತು. ಜಪಾನಿನಲ್ಲೂ ಬ್ರೆಡ್ಡಿಗೆ ‘ಪಾನ್’. ಕಾರವಾರದ ಪಾವ್, ಟೋಕಿಯೊದ ಪಾನ್, ಇದೂ ಶಿಶುಮಾತಾ?

ಕೂರ್ಮಗಡ
ಇಲ್ಲ, ಇದು ಹಡಗು. ಪೋರ್ಚುಗೀಸರು 1543ರಲ್ಲಿ ಜಪಾನ್ ಮುಟ್ಟಿದರು, ರೊಟ್ಟಿಯ ಜೊತೆ ಹೆಸರನ್ನೂ ಇಳಿಸಿದರು. ಗಿಡ್ಡ ಶಬ್ದ ಎರಡು ದೂರದ ಊರಿನಲ್ಲಿ ಸಿಕ್ಕಾಗ ಮೊದಲು ಬಂದರು-ವ್ಯಾಪಾರ ನೋಡಬೇಕು ಅನ್ನೋದಕ್ಕೆ ಇದಕ್ಕಿಂತ ಒಳ್ಳೆ ಉದಾಹರಣೆ ‘ಚಾ’. ನಮ್ಮ ಕರಾವಳಿಯ ಚಾ, ಪೋರ್ಚುಗೀಸಿನ ‘ಶಾ’, ಜಪಾನಿನ ‘ಚಾ’, ಹಿಂದಿಯ ‘ಚಾಯ್’ ಎಲ್ಲ ಚೀನದ ‘ಚಾ’ದಿಂದ. ಇಂಗ್ಲಿಷಿನ ‘ಟೀ’ ಅದೇ ಗಿಡದ ಫುಜಿಯನ್ ಕರಾವಳಿಯ ಹೆಸರು ‘ತೆ’, ಡಚ್ಚರ ಮೂಲಕ ಯುರೋಪಿಗೆ.

ಸದಾಶಿವಗಡ ಕೋಟೆ
ಹಾಗಾದರೆ ಜಪಾನಿನವರು ಧನ್ಯವಾದಕ್ಕೆ ಹೇಳುವ ‘ಅರಿಗಾತೋ’ ಕೂಡ ಪೋರ್ಚುಗೀಸಿನ ‘ಒಬ್ರಿಗಾದೊ’ನಿಂದಲೇ. ಇದಂತೂ ಎಲ್ಲ ಕಡೆ ಬರೆದಿದ್ದಾರೆ.

ಕೂರ್ಮಗಡ
ಎಲ್ಲ ಕಡೆ ಬರೆದಿದ್ದಾರೆ, ಎಲ್ಲ ಕಡೆ ತಪ್ಪು. ‘ಅರಿಗಾತೋ’ದ ಮೂಲ ‘ಅರಿಗತಶಿ’, ಇರೋದು ಕಷ್ಟ, ಅಂದರೆ ಅಪರೂಪದ್ದು ಅಂತ ಅರ್ಥ. ಪೋರ್ಚುಗೀಸ್ ಹಡಗು ಬರುವ ಎಷ್ಟೋ ಶತಮಾನ ಮೊದಲೇ ಜಪಾನಿ ಬರಹದಲ್ಲಿದೆ. ಹಡಗಿನ ವರ್ಷ ಮತ್ತು ಶಬ್ದದ ಮೊದಲ ದಾಖಲೆಯ ವರ್ಷ ಪಕ್ಕಪಕ್ಕ ಇಟ್ಟರೆ ಅರ್ಧ ನಿಮಿಷದ ಕೆಲಸ.

ಕರಿಇಶಾಡ
ಆಯ್ತು, ಅಪ್ಪ-ಅಮ್ಮ ಪಟ್ಟಿಯಿಂದ ತೆಗೀತೀನಿ. ‘ನೀ’ ಮಾತ್ರ ಬಿಡೋದಿಲ್ಲ. ಅದು ಶಿಶುಮಾತಲ್ಲ, ವ್ಯಾಪಾರದ ಸಾಮಾನೂ ಅಲ್ಲ. ಚೀನಿಯ ನೀ, ಕನ್ನಡದ ನೀ, ಹೇಳಿ ಈಗ.

ಬನವಾಸಿ ಕಲ್ಲು
ಕನ್ನಡದ ‘ನೀ’ ಪೂರ್ತಿ ಶಬ್ದವೇ ಅಲ್ಲ, ಬೇರು ‘ನೀನ್’. ವಿಭಕ್ತಿ ಹತ್ತಿದರೆ ನಿನ್ನ, ನಿನಗೆ. ನಕಾರ ಒಳಗೇ ಇದೆ. ಚೀನಿಯ ‘ನೀ’ಯ ಹಳೆಯ ಅಕ್ಷರವನ್ನ ಗ್ರಂಥಸ್ಥ ಮಾತಿನಲ್ಲಿ ಈಗಲೂ ‘ಅರ್’ ಅಂತ ಓದ್ತಾರೆ. ನಿಮ್ಮ ಪಟ್ಟಿಗೆ ಮೊದಲು ‘ನಾ’ ಸೇರಿಸಿ ನೋಡಿ: ಕನ್ನಡದಲ್ಲಿ ನಾ, ಚೀನಿಯಲ್ಲಿ ‘ವೊ’. ನೀ ಹೊಂದಿದರೆ ನಾ ಯಾಕೆ ಹೊಂದಲಿಲ್ಲ?

ಕರಿಇಶಾಡ
ಕೊರಿಯನ್ನಿನಲ್ಲಿ ನಾನು ಅನ್ನೋಕೆ ‘ನಾ’!

ಬೈತಖೋಲ್ ಬಂದರು
ಮುಗೀತು. ಮತ್ತೆ ಸೀರಿಯಲ್ಲಿಗೇ ಬಂದರು.